ಕರೀ ಪರದೆ ಬಂತಂತ ಅಳಿಸಿ ಹಾಕಬ್ಯಾಡ್ರಿ

ಈ ಸಲ ಮಾವಿನಕಾಯಿ ತೊಕ್ಕಿನ ಬಗ್ಗೆ ಬರಿಯಂಗಿಲ್ಲ, ಕಂಪ್ಯೂಟರ್ ಬಗ್ಗೆ ಬರೀಲಿಕತ್ತೀನಿ. ‘ಪಿಯುಸಿ ಓದಿದಾಕಿ, ಇಕಿಗೇನ್ ಗೊತ್ತು’ ಅಂತ ನಗೋರು ಈಗ ನಕ್ಕು ಬಿಡ್ರಿ. ಆಮ್ಯಾಲೆ ಸಾವಕಾಶ ಕೂತು ಓದ್ರಿ.

ನಾ ಹೇಳೋ ಮಾತು ಇಷ್ಟ. ಮನ್ಯಾಗಿನ ಹುಡುಗಿ ತನ್ನ ಕೈಯಾರೆ ಕಟ್ಟಿದ ಸಿಸ್ಟಮ್ ಚಾಲೂ ಆಗಲಿಲ್ಲ, ಪರದೆ ಕರ್ರಗಾತು ಅಂದ ಕೂಡ್ಲೆ, ಅದನ್ನ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸಬ್ಯಾಡ್ರಿ. ಹಾಂಗ ಮಾಡಿದ್ರ ಲ್ಯಾಪ್‌ಟಾಪ್ ರಿಪೇರಿ ಆಗ್ತದ, ಖರೇ. ಆದ್ರ ಅಕಿ ಕಲಿಯೋದು ಅಲ್ಲಿಗೇ ನಿಲ್ತದ. ಕಟ್ಟಿದಾಕಿಗೇ ರಿಪೇರಿ ಮಾಡ್ಲಿಕ್ಕೆ ಬಿಡಬೇಕು. ಅದು ಅಕಿ ಕೈಲೆ ಆಗೋ ಕೆಲಸನೂ ಹೌದು. ಹೆಂಗ ಅನ್ನೋದನ್ನ ನನಗ ತಿಳದಷ್ಟು ಬಿಡಿಸಿ ಹೇಳ್ತೀನಿ.

ಮೊದ್ಲ ಈ ‘ಕಟ್ಟೋದು’ ಅಂದ್ರ ಏನು ಅನ್ನೋದು ತಿಳೀಬೇಕು. ನಮ್ಮ ಮೊಬೈಲಿನಾಗ, ಕಂಪ್ಯೂಟರಿನಾಗ ಎಲ್ಲಾ ಕೆಲಸಾ ಮಾಡಸೋದು ಆಪರೇಟಿಂಗ್ ಸಿಸ್ಟಮ್. ಅದಕ್ಕ ಕರ್ನಲ್ ಅಂತ ಒಂದು ತಿರುಳು ಇರ್ತದ. ಲಿನಸ್ ಟೋರ್ವಾಲ್ಡ್ಸ್ ಅನ್ನೋ ಹುಡುಗ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಾಗ ಓದ್ತಿದ್ದಾಗ, 1991ರೊಳಗ ಇಂಥಾ ಒಂದು ಕರ್ನಲ್ ಬರದು ಎಲ್ಲಾರಿಗೂ ಕೊಟ್ಟಾ. ಅದ ಲಿನಕ್ಸ್. ನಮ್ಮ ಆಂಡ್ರಾಯ್ಡ್ ಫೋನಿನ ಬುಡದಾಗ ಇರೋದೂ ಅದ. ಭಾಳ ಮಂದಿ ಲಿನಕ್ಸನ್ನ ತಯಾರಾಗಿ ಬಂದದ್ದನ್ನ ತೊಗೋತಾರ, ಅಂಗಡ್ಯಾಗಿನ ಹಿಟ್ಟಿನ ಪ್ಯಾಕೀಟು ತಂದಂಗ. ಆದ್ರ ಅದರ ಮೂಲ ಬರಹ, ಮನುಷ್ಯಾರು ಓದೋ ಅಂಥಾದ್ದು, ಎಲ್ಲಾ ಬಿಟ್ಟಿ ಸಿಗ್ತದ. ಅದನ್ನ ತಂದು, ನಮ್ಮ ಮಷೀನಿನಾಗ ಹಾಕಿ, ಮಷೀನಿಗೆ ತಿಳಿಯೋ ರೂಪಕ್ಕ ತರೋದಕ್ಕ ಕಂಪೈಲ್ ಮಾಡೋದು ಅಂತಾರ. ಜ್ವಾಳ ತಂದು ನಾವ ಬೀಸಿ ಹಿಟ್ಟು ಮಾಡ್ಕೊಂಡಂಗ ಅಂತ ತಿಳೀರಿ.

ಹಿಂಗ ಒಂದೊಂದ ಬೀಸಿ, ಜರಡಿ ಹಿಡದು, ಇಡೀ ಸಿಸ್ಟಮ್ ನಾವ ಕಟ್ಟೋದು ಹೆಂಗ ಅಂತ ಹೇಳೋ ಪುಸ್ತಕಾ ಒಂದು ಅದ. ‘ಲಿನಕ್ಸ್ ಫ್ರಾಮ್ ಸ್ಕ್ರ್ಯಾಚ್’ ಅಂತ ಹೆಸರು. ಗೆರಾರ್ಡ್ ಬೀಕ್‌ಮನ್ಸ್ ಅನ್ನೋರು 1999ರಾಗ ಶುರು ಮಾಡಿದ್ದು. ಈಗ ಬ್ಯಾರೆ ಬ್ಯಾರೆ ದೇಶದ ಮಂದಿ ಕೂಡಿ ಅದನ್ನ ಹೊಸದು ಮಾಡ್ಕೋತ ಬಂದಾರ. ಸುಮಾರು 80 ಸಾಮಾನು ಅದರಾಗ. ಒಂದಾದ ಮ್ಯಾಲೆ ಒಂದು ಕಂಪೈಲ್ ಮಾಡ್ಕೋತ ಹೋಗಬೇಕು. ಅದರಾಗಿನ ಒಂದು ಪದ್ಧತಿ ನನಗ ಭಾಳ ಹಿಡಿಸ್ತು. ಯಾವದಕ್ಕ ಎಷ್ಟ್ ನಿಮಿಷ ಹಿಡೀತದ ಅಂತ ಅವರು ಬರಿಯಂಗಿಲ್ಲ, ಯಾಕಂದ್ರ ಒಬ್ಬರ ಮಷೀನು ಜೋರು, ಇನ್ನೊಬ್ಬರದು ಮಂದ. ಮೊದಲ್ನೇ ಸಾಮಾನು ಕಂಪೈಲ್ ಆಗ್ಲಿಕ್ಕೆ ನಿಮ್ಮ ಮಷೀನಿಗೆ ಎಷ್ಟು ಹೊತ್ತು ಹಿಡೀತದೋ ಅದ ಒಂದು ಅಳತಿ. ಉಳದದ್ದೆಲ್ಲಾ ಅದರ ಎರಡು ಪಟ್ಟು, ಹತ್ತು ಪಟ್ಟು, ಅರ್ಧಾ ಅಂತ ಬರದಿರ್ತಾರ. ‘ನಿಮ್ಮ ಮನಿ ವಾಟಗದಲೆ ಒಂದು ವಾಟಗ ಅಕ್ಕಿ’ ಅಂತ ನಾವು ಹೇಳೂದಿಲ್ಲೇನು, ಥೇಟ್ ಹಾಂಗ.

ನಮ್ಮ ಮಗಳು ಇಂಜಿನಿಯರಿಂಗ್ ಓದ್ತಾಳ. ಹ್ವಾದ ಸೂಟಿಯೊಳಗ ಮೂರು ವಾರ ಕೂತು ಇದನ್ನ ಕಟ್ಟಿದಳು. ಕಟ್ಟೋದೆಲ್ಲಾ ಮುಗದು, ಮೊದಲ್ನೇ ಸಲ ಅದರಲೇ ಚಾಲೂ ಮಾಡಿದಾಗ ಕರೀ ಪರದೆ, ಅದರ ಮ್ಯಾಲೆ ಬಿಳೀ ಅಕ್ಷರ, ಅಲ್ಲಿಗೇ ನಿಂತು ಬಿಡ್ತು. ಈ ಪುಸ್ತಕಾ ಹಿಡದವರಿಗೆ ಮೊದಲ್ನೇ ಸಲ ಹಿಂಗ ಆಗೋದು ವಿಶೇಷ ಏನಲ್ಲ. ಆದ್ರ ಮನ್ಯಾಗಿನ ಹಿರೇರಿಗೆ ಅದು ಗೊತ್ತಿರಂಗಿಲ್ಲ ನೋಡ್ರಿ. ‘ನಲವತ್ತು ಸಾವಿರದ ಲ್ಯಾಪ್‌ಟಾಪ್ ಹಾಳ್ ಮಾಡಿದಳು’ ಅಂತ ಶುರು ಆತು. ನಮ್ಮ ನೆಗೆಣ್ಣಿ ಅಂತೂ, ‘ಅಂಗಡ್ಯಾಗ ಐನೂರು ಕೊಟ್ರ ಅರ್ಧಾ ತಾಸಿನಾಗ ಎಲ್ಲಾ ಅಳಿಸಿ ಹೊಸದು ಹಾಕಿ ಕೊಡ್ತಾರ, ಯಾಕ ತಲಿ ಕೆಡಿಸ್ಕೋತೀರಿ’ ಅಂದ್ರು. ಅವರು ಹೇಳಿದ್ದು ಪ್ರೀತಿಲೇನ. ಆದ್ರ ನಾ ಒಪ್ಪಲಿಲ್ಲ. ಯಾಕ ಒಪ್ಪಲಿಲ್ಲ ಅನ್ನೋದ ಈ ಬರಹ.

ಕಂಪ್ಯೂಟರ್ ಚಾಲೂ ಆಗೋದು ಅಂದ್ರ ಒಂದ ಕೆಲಸ ಅಲ್ಲ, ಸಾಲಾಗಿ ನಾಕು ಕೈ ದಾಟೋ ಕೆಲಸ. ನಳಾ ಬಂದ ದಿವಸ ನೆನಪು ಮಾಡ್ಕೋರಿ. ಮ್ಯಾಲಿನ ಟಾಕಿಗೆ ನೀರು ಏರಿಸಬೇಕಾದ್ರ ನಳದ ಹತ್ರ ಒಬ್ಬಾಕಿ, ಮೆಟ್ಟಲ ಕೆಳಗ ಒಬ್ಬಾಕಿ, ನಡುವ ಒಬ್ಬಾಕಿ, ಮ್ಯಾಲೆ ಒಬ್ಬಾಕಿ ನಿಂತು ಕೊಡಾ ಕೈಯಿಂದ ಕೈಗೆ ದಾಟಿಸ್ತೀವಲ್ಲ. ಟಾಕ್ಯಾಗ ನೀರು ಬೀಳಲಿಲ್ಲ ಅಂದ್ರ ಟಾಕಿ ಒಡದು ಹೊಸದು ಕಟ್ಟಸ್ತೀವೇನು? ಇಲ್ಲ. ಕೊಡಾ ಯಾರ ಕೈಯಾಗ ನಿಂತದ ಅಂತ ನೋಡ್ತೀವಿ.

ಇಲ್ಲೂ ಅಷ್ಟ. ಗುಂಡಿ ಒತ್ತಿದ ಕೂಡ್ಲೆ ಮೊದ್ಲ ಎಚ್ಚರಾಗೋದು ಮಷೀನಿನ ಬೋರ್ಡಿನ ಮ್ಯಾಲೆ ಕಂಪನಿಯವರ ಹಾಕಿ ಕಳಿಸಿದ ಸಣ್ಣ ಪ್ರೋಗ್ರಾಮು. ಹಳೇ ಮಷೀನಿನಾಗ ಅದಕ್ಕ ಬಯಾಸ್ ಅಂತಿದ್ರು, ಈಗಿನದಕ್ಕ ಯುಇಎಫ್‌ಐ ಅಂತಾರ. ಅದು ಡಿಸ್ಕ್ ಹುಡುಕಿ ಗ್ರಬ್ ಅನ್ನೋ ಎರಡನೇದರ ಕೈಗೆ ಕೊಡ್ತದ. ಗ್ರಬ್ ಅಂದ್ರ ‘ಯಾವ ಸಿಸ್ಟಮ್ ಬೇಕು’ ಅಂತ ಪಟ್ಟಿ ತೋರಸೋದು. ಅದು ಕರ್ನಲ್ಲನ್ನ ಎತ್ತಿ ನೆನಪಿನ್ಯಾಗ ಇಟ್ಟು, ‘ನಿನ್ನ ಮನಿ ಡಿಸ್ಕಿನ ಇಂಥಾ ಭಾಗದಾಗ ಅದ’ ಅಂತ ವಿಳಾಸ ಹೇಳಿ ಕೈ ಬಿಡ್ತದ. ಮೂರನೇ ಕೈ ಕರ್ನಲ್. ಅದು ಆ ವಿಳಾಸದ ಮನಿ ಬಾಗಲಾ ತಗದು ಒಳಗ ಹೋಗಿ, ಇನಿಟ್ ಅನ್ನೋ ನಾಕನೇದನ್ನ ಎಬ್ಬಸ್ತದ. ಸಿಸ್ಟಮಿನಾಗ ಎದ್ದ ಮೊದಲ್ನೇ ಪ್ರೋಗ್ರಾಮು ಅದು, ನಂಬರು 1. ಉಳದ ಕೆಲಸದವರನ್ನೆಲ್ಲಾ ಅದ ಎಬ್ಬಸಬೇಕು. ಆಮ್ಯಾಲೆ ‘ಹೆಸರು ಹೇಳು’ ಅಂತ ಲಾಗಿನ್ ಬರ್ತದ.

ಈ ನಾಕು ಕೈ ಗೊತ್ತಿದ್ರ ಅರ್ಧಾ ಅಂಜಿಕಿ ಹೋಗ್ತದ. ಯಾಕಂದ್ರ ಪರದೆ ಮ್ಯಾಲೆ ಏನು ಕಾಣಸ್ತದೋ ಅದರ ಮ್ಯಾಲೆ ಕೊಡಾ ಎಲ್ಲಿ ನಿಂತದ ಅಂತ ಹೇಳಬಹುದು.

‘ಬೂಟ್ ಆಗೋ ಡಿಸ್ಕ್ ಸಿಗಲಿಲ್ಲ’ ಅಂತ ಬಂದ್ರ ಮೊದಲ್ನೇ ಕೈಯಾಗ ನಿಂತದ. ಗ್ರಬ್ಬನ್ನ ಸರೀ ಜಾಗಾದಾಗ ಇಟ್ಟಿಲ್ಲ, ಇಲ್ಲಾ ಇಟ್ಟದ್ದು ಯುಇಎಫ್‌ಐಗೆ ಗೊತ್ತಿಲ್ಲ. ‘ಗ್ರಬ್ ರೆಸ್ಕ್ಯೂ’ ಅಂತ ಎರಡು ಶಬ್ದ ಬಂದು ಕಣ್ಣು ಮಿಟುಕಸ್ಕೋತ ನಿಂತ್ರ ಎರಡನೇ ಕೈ. ಗ್ರಬ್ ಎದ್ದದ, ಆದ್ರ ತನ್ನ ಉಳದ ಸಾಮಾನು ಸಿಗವಲ್ತು. ಡಿಸ್ಕಿನ ಭಾಗದ ನಂಬರು ಬದಲಾದಾಗ ಹಿಂಗ ಆಗ್ತದ. ಅಲ್ಲಿ ಎಲ್ ಎಸ್ ಅಂತ ಎರಡು ಅಕ್ಷರ ಹೊಡದ್ರ ಅದಕ್ಕ ಯಾವ ಯಾವ ಭಾಗ ಕಾಣಸ್ತಾವೋ ತೋರಸ್ತದ.

ಇಲ್ಲೊಂದು ತಮಾಷಿ ಅದ. ಗ್ರಬ್ ಡಿಸ್ಕನ್ನ ಸೊನ್ನೆಯಿಂದ ಎಣಸ್ತದ, ಅದರೊಳಗಿನ ಭಾಗನ್ನ ಒಂದರಿಂದ ಎಣಸ್ತದ. ಅದ ಭಾಗಕ್ಕ ಗ್ರಬ್ ಒಂದು ಹೆಸರು ಕರೀತದ, ಕರ್ನಲ್ ಇನ್ನೊಂದು ಹೆಸರು ಕರೀತದ. ಗ್ರಬ್ಬಿನ ‘ಎಚ್‌ಡಿ0, ಜಿಪಿಟಿ3’ ಅಂದ್ರ ಕರ್ನಲ್ಲಿನ ಬಾಯಾಗ ‘ಎಸ್‌ಡಿಎ3’ ಆಗಿರಬಹುದು, ಇಲ್ಲಾ ಈಗಿನ ಹೊಸಾ ಎನ್‌ವಿಎಂಇ ಡಿಸ್ಕ್ ಇದ್ರ ‘ಎನ್‌ವಿಎಂಇ0ಎನ್1ಪಿ3’ ಆಗಿರಬಹುದು. ನಮಗೇನ್ ಇದು ಹೊಸದಲ್ಲ. ತವರಮನ್ಯಾಗ ಒಂದು ಹೆಸರು, ಲಗ್ನದಾಗ ಅಕ್ಕಿ ಮ್ಯಾಲೆ ಬರದು ಇಟ್ಟ ಹೆಸರು ಇನ್ನೊಂದು. ಅತ್ತಿಮನ್ಯಾಗ ಹೋಗಿ ತವರಮನಿ ಹೆಸರು ಹಿಡದು ಕರದ್ರ ‘ಹಂಗಂದ್ರ ಯಾರು’ ಅಂತ ಕೇಳ್ತಾರ. ಚಾಲೂ ಆಗದ ಸಿಸ್ಟಮ್ಮಿನಾಗ ಈ ಹೆಸರಿನ ಗೊಂದಲಾ ಭಾಳ ಸಲ ಇರ್ತದ.

ಮೂರನೇ ಕೈಯಾಗ ನಿಂತ್ರ ಬರೋ ಸಾಲು ಎಲ್ಲಾರನ್ನೂ ಅಂಜಸ್ತದ. ‘ಕರ್ನಲ್ ಪ್ಯಾನಿಕ್, ರೂಟ್ ಎಫ್‌ಎಸ್ ಮೌಂಟ್ ಆಗಲಿಲ್ಲ, ಅನ್‌ನೋನ್ ಬ್ಲಾಕ್ (0,0)’ ಅಂತ. ಪ್ಯಾನಿಕ್ ಅನ್ನೋ ಶಬ್ದ ನೋಡಿ ಮನಿ ಮಂದಿ ಪ್ಯಾನಿಕ್ ಆಗ್ತಾರ. ಆದ್ರ ಅದರ ಅರ್ಥ ಭಾಳ ಸರಳ: ‘ನಾ ಎದ್ದೀನಿ, ನೀವು ಹೇಳಿದ ವಿಳಾಸದಾಗ ಮನಿ ಸಿಗಲಿಲ್ಲ.’ ಮಷೀನು ಸತ್ತಿಲ್ಲ, ಡಿಸ್ಕ್ ಸುಟ್ಟಿಲ್ಲ. ಕರ್ನಲ್ ಎದ್ದು ಮಾತಾಡ್ಲಿಕತ್ತದ ಅಂದ್ರ ಮೊದಲ್ನೇ ಎರಡು ಕೈ ಸರೀ ಅವ ಅಂತನ ಅರ್ಥ.

ಇಲ್ಲಿ ಕಡೇ ಸಾಲು ಓದಿ ಬಿಟ್ರ ಉಪಯೋಗಿಲ್ಲ. ಅದರ ಸ್ವಲ್ಪ ಮ್ಯಾಲಿನ ಸಾಲು ಓದಬೇಕು. ಅಲ್ಲಿ ಕರ್ನಲ್ ತನಗ ಕಾಣೋ ಡಿಸ್ಕಿನ ಭಾಗಗಳ ಪಟ್ಟಿ ಕೊಟ್ಟಿರ್ತದ. ಆ ಪಟ್ಟಿಯೊಳಗ ನಮ್ಮ ಡಿಸ್ಕ್ ಇದ್ರ ಒಂದು ಅರ್ಥ, ಇರಲಿಲ್ಲಂದ್ರ ಇನ್ನೊಂದು ಅರ್ಥ. ಡಿಸ್ಕ್ ಕಾಣಸ್ತದ, ಆದ್ರ ಮನಿ ಸಿಗವಲ್ತು ಅಂದ್ರ ವಿಳಾಸ ತಪ್ಪು. ಡಿಸ್ಕ ಕಾಣವಲ್ತು ಅಂದ್ರ ಅದನ್ನ ಓದೋ ಡ್ರೈವರು ಕರ್ನಲ್ಲಿನ ಹತ್ರ ಇಲ್ಲ.

ಈ ಡ್ರೈವರಿನ ಮಾತು ತಿಳಕೊಳ್ಳೋ ಹಂಗದ. ಕರ್ನಲ್ ಕಂಪೈಲ್ ಮಾಡೋ ಮೊದ್ಲ ಒಂದು ಉದ್ದನೆ ಯಾದಿ ಬರ್ತದ, ಯಾವ ಯಾವ ಡ್ರೈವರು ಬೇಕು ಅಂತ. ಪ್ರತಿಯೊಂದರ ಮುಂದ ಚಿಕ್ಕಿ ಹಾಕಬಹುದು, ಎಂ ಅಂತ ಹಾಕಬಹುದು, ಖಾಲಿ ಬಿಡಬಹುದು. ಚಿಕ್ಕಿ ಅಂದ್ರ ಕರ್ನಲ್ಲಿನ ಮೈಯಾಗನ ಸೇರಿಸು. ಎಂ ಅಂದ್ರ ಬ್ಯಾರೆ ಪುಡಿಕಿ ಕಟ್ಟಿ ಡಿಸ್ಕಿನಾಗ ಇಡು, ಬೇಕಾದಾಗ ತಗೊತೀನಿ ಅಂತ. ಉಳದ ಸಾಮಾನಿಗೆ ಎಂ ಹಾಕಿದ್ರ ನಡೀತದ. ಆದ್ರ ಡಿಸ್ಕ್ ಓದೋ ಡ್ರೈವರಿಗೇ ಎಂ ಹಾಕಿದ್ರ? ಟ್ರೆಜರಿ ಚಾವಿ ಟ್ರೆಜರಿ ಒಳಗ ಇಟ್ಟು ಬಾಗಲಾ ಹಾಕಿದಂಗ! ಚಾವಿ ಒಳಗ ಅದ, ತಗೀಬೇಕಂದ್ರ ಬಾಗಲಾ ತಗೀಬೇಕು, ಬಾಗಲಾ ತಗೀಬೇಕಂದ್ರ ಚಾವಿ ಬೇಕು. ತಯಾರಾಗಿ ಬರೋ ಲಿನಕ್ಸಿನವರು ಇದಕ್ಕ ಒಂದು ಉಪಾಯ ಮಾಡಿರ್ತಾರ. ಇನಿಟ್‌ರ್‍ಯಾಮ್‌ಎಫ್‌ಎಸ್ ಅಂತ ಒಂದು ಸಣ್ಣ ಚೀಲದಾಗ ಬೇಕಾದ ಚಾವಿ ಎಲ್ಲಾ ಹಾಕಿ, ಗ್ರಬ್ಬಿನ ಕೈಲೆ ಕರ್ನಲ್ಲಿನ ಜೋಡಿ ಮೊದ್ಲ ಕೊಡಸ್ತಾರ. ಕೈಯಾರೆ ಕಟ್ಟಿದ ಸಿಸ್ಟಮ್ಮಿನಾಗ ಆ ಚೀಲಾ ಸಾಧಾರಣ ಇರಂಗಿಲ್ಲ. ಅದಕ್ಕ ಡಿಸ್ಕಿನ ಡ್ರೈವರಿಗೂ, ಆ ಭಾಗ ಯಾವ ನಮೂನಿದು, ಎಕ್ಸ್‌ಟಿ4 ಏನು ಅಂತ ಓದೋದಕ್ಕೂ ಚಿಕ್ಕಿನ ಹಾಕಬೇಕು.

ನಾಕನೇ ಕೈಯಾಗ ನಿಂತ್ರ ‘ನೋ ವರ್ಕಿಂಗ್ ಇನಿಟ್ ಫೌಂಡ್’ ಅಂತ ಬರ್ತದ. ಮನಿ ಸಿಕ್ತು, ಒಳಗ ಹೋದೆ, ಆದ್ರ ಎಬ್ಬಸಬೇಕಾದವರ ಇಲ್ಲ ಅಂತ. ಬ್ಯಾರೆ ಭಾಗದ ಬಾಗಲಾ ತಗದಿರಬಹುದು, ಇಲ್ಲಾ ಇನಿಟ್ಟಿಗೆ ಬೇಕಾದ ಲೈಬ್ರರಿ ಕೂಡಿರಲಿಕ್ಕಿಲ್ಲ. ಅದನ್ನೂ ದಾಟಿ ಮುಂದ ಹೋಗಿ ನಿಂತ್ರ ಎಫ್‌ಎಸ್‌ಟ್ಯಾಬ್ ಅನ್ನೋ ಕಡತದಾಗ ಬರದ ಹೆಸರು ತಪ್ಪಿರ್ತಾವ. ಇನ್ನು ಏನೂ ಅಕ್ಷರನ ಇಲ್ಲ, ಬರೇ ಕರ್ರಗ ಅಂದ್ರ? ಆಗ ಕ್ಯಾಪ್ಸ್ ಲಾಕ್ ಒತ್ತಿ ನೋಡಬೇಕು. ಅದರ ದೀಪಾ ಹತ್ತಿ ಆರ್ತಿದ್ರ ಭಾಳ ಸಲ ಒಳಗ ಎಲ್ಲಾ ನಡದಿರ್ತದ, ಪರದೆಯ ಡ್ರೈವರಿನದಷ್ಟ ತೊಂದರಿ.

ನಮ್ಮ ಮನ್ಯಾಗ ಆದದ್ದನ್ನ ಹೇಳ್ತೀನಿ, ಇದು ಬರೇ ಬಾಯಿಮಾತಲ್ಲ ಅಂತ ತಿಳಿಲಿ. ಮಗಳು ಓದಿ ಹೇಳಿದಂಗ ನಾ ಹಾಲಿನ ಲೆಕ್ಕದ ವಹಿಯೊಳಗ ಬರಕೋತ ಕೂತಿದ್ದೆ. ಪರದೆದು ಮೊಬೈಲಿನಾಗ ಫೋಟೋನೂ ಹೊಡಕೊಂಡ್ವಿ. ಯಾಕಂದ್ರ ಡಿಸ್ಕ ಸಿಗದಾಗ ಕರ್ನಲ್ ಆ ಮಾತನ್ನ ಎಲ್ಲೂ ಬರದು ಇಡ್ಲಿಕ್ಕೆ ಆಗಂಗಿಲ್ಲ, ಮಷೀನು ಬಂದ್ ಮಾಡಿದ್ರ ಮಾತೂ ಹೋತು.

ಮೊದಲ್ನೇ ಸಂಜಿ: (0,0) ಬಂತು, ಮ್ಯಾಲಿನ ಪಟ್ಟಿಯೊಳಗ ನಮ್ಮ ಡಿಸ್ಕಿನ ಹೆಸರ ಇಲ್ಲ. ಅಂದ್ರ ಡ್ರೈವರಿಂದು. ಅದ ಲ್ಯಾಪ್‌ಟಾಪಿನ ಇನ್ನೊಂದು ಭಾಗದಾಗ ಹಳೇ ಉಬುಂಟು ಇತ್ತು. ಗ್ರಬ್ಬಿನ ಪಟ್ಟಿಯೊಳಗ ಅದನ್ನ ಆರಿಸಿ ಅದರಲೇ ಒಳಗ ಹ್ವಾದಳು. ಅಲ್ಲಿಂದ ತಾ ಕಟ್ಟಿದ ಭಾಗನ್ನ ತಗದು, ಚ್‌ರೂಟ್ ಅನ್ನೋ ಆಜ್ಞೆ ಕೊಟ್ಟು ಅದರೊಳಗ ಕಾಲಿಟ್ಟಳು. ಮುಂಚೀ ಬಾಗಲಾ ಜಾಮಾದ್ರ ಹಿತ್ತಲ ಬಾಗಲದಲೇ ಹೋಗ್ತೀವಲ್ಲ, ಹಾಂಗ. ಯಾದಿ ತಗದು ನೋಡಿದ್ರ ಎನ್‌ವಿಎಂಇ ಡ್ರೈವರಿನ ಮುಂದ ಎಂ ಅಂತ ಇತ್ತು. ಅದಕ್ಕ ಚಿಕ್ಕಿ ಹಾಕಿ ಕರ್ನಲ್ ಅಷ್ಟ ಹೊಳ್ಳಿ ಕಂಪೈಲ್ ಮಾಡಿದಳು. ಉಳದ 80 ಸಾಮಾನು ಮುಟ್ಟಲೇ ಇಲ್ಲ. ಇದನ್ನ ನೆನಪಿಡ್ರಿ: ಮೂರು ವಾರದ ಕೆಲಸದಾಗ ಕೆಟ್ಟದ್ದು ಒಂದು ಅಕ್ಷರ.

ಎರಡನೇ ಸಂಜಿ: ಮತ್ತ ಪ್ಯಾನಿಕ್. ನಮ್ಮವರು, ‘ನೋಡ್ರಿ, ಆಗಂಗಿಲ್ಲ ಅಂತ ಹೇಳಲಿಲ್ಲೇನು’ ಅಂದ್ರು. ಆದ್ರ ಈ ಸಲ ಪಟ್ಟಿಯೊಳಗ ಡಿಸ್ಕಿನ ಮೂರು ಭಾಗಾನೂ ಕಾಣಸ್ಲಿಕತ್ತಿದ್ವು. ನೋಡೋರ ಕಣ್ಣಿಗೆ ನಿನ್ನಿದ ಕರೀ ಪರದೆ, ಓದೋರ ಕಣ್ಣಿಗೆ ಒಂದು ಹೆಜ್ಜಿ ಮುಂದ. ವಿಳಾಸ ಎಸ್‌ಡಿಎ3 ಅಂತ ಬರದಿತ್ತು, ನಮ್ಮ ಡಿಸ್ಕಿನ ಹೆಸರು ಎನ್‌ವಿಎಂಇದು. ಗ್ರಬ್ಬಿನ ಪಟ್ಟಿ ಬಂದಾಗ ಇ ಅಕ್ಷರ ಒತ್ತಿದ್ರ ಆ ಸಾಲನ್ನ ಅಲ್ಲೇ ತಿದ್ದಬಹುದು. ಹಂಗ ತಿದ್ದಿದ್ದು ಆ ಒಂದು ಸಲಕ್ಕ ಅಷ್ಟ, ಕಾಯಂ ಉಳಿಯಂಗಿಲ್ಲ. ಹುಳಿಗೆ ಉಪ್ಪು ಹಾಕೋ ಮೊದ್ಲ ಸೌಟಿನಾಗ ತಗದು ರುಚಿ ನೋಡಿದಂಗ. ಸರೀ ಆದ್ರ ಆಮ್ಯಾಲೆ ಕಡತದಾಗ ಕಾಯಂ ಬರದ್ರಾತು. ತಿದ್ದಿದ ಕೂಡ್ಲೆ ಕರ್ನಲ್ ಒಳಗ ಹೋತು, ಸಾಲು ಸಾಲು ಅಕ್ಷರ ಓಡಿದ್ವು, ಡಿಸ್ಕ್ ತಪಾಸಣಿ ಮಾಡೋ ಹತ್ರ ನಿಂತು ಬಿಡ್ತು.

ಮೂರನೇ ಸಂಜಿ: ಎಫ್‌ಎಸ್‌ಟ್ಯಾಬಿನಾಗೂ ಅದ ಎಸ್‌ಡಿಎ3 ಕೂತಿತ್ತು. ಎರಡೂ ಕಡೆ ಡಿಸ್ಕಿನ ಹೆಸರಿನ ಬದಲಿ ಪಾರ್ಟ್‌ಯುಯುಐಡಿ ಅಂತ ಬರದಳು. ಅದು ಡಿಸ್ಕಿನ ಭಾಗಕ್ಕ ಒಂದ್ ಸಲ ಕೊಟ್ಟ ಉದ್ದನೆ ನಂಬರು. ಇನ್ನೊಂದು ಡಿಸ್ಕ್ ಹಚ್ಚಿ ಹೆಸರು ಅದಲು ಬದಲಾದ್ರೂ ಆ ನಂಬರು ಬದಲಾಗಂಗಿಲ್ಲ, ಜನ್ಮನಕ್ಷತ್ರ ಇದ್ದಂಗ. ಚಾಲೂ ಮಾಡಿದಳು. ಲಾಗಿನ್ ಬಂತು. ಕರೀ ಪರದೆನ, ಬಿಳೀ ಅಕ್ಷರನ, ಚಿತ್ರ ಇಲ್ಲ, ಬಣ್ಣ ಇಲ್ಲ. ಆದ್ರ ಅಕಿ ಮಾರಿ ನೋಡಬೇಕಾಗಿತ್ತು ನೀವು. ಫಾರ್ಮ್ಯಾಟ್ ಮಾಡಿಸಿದ್ರ ಉಳೀತಿದ್ದದ್ದು ಮೂರು ಸಂಜಿ. ಹೋಗ್ತಿದ್ದದ್ದು ಮೂರು ವಾರದ ಕೆಲಸ, ಮತ್ತ ಆ ಮಾರಿ ಮ್ಯಾಲಿನ ಕಳೆ.

ಈಗ ಇನ್ನೊಂದು ಕಥಿ. ನಮ್ಮ ಬಳಗದಾಗಿನ ಒಬ್ಬ ಹುಡುಗಿ, ಯಾರಂತ ಹೇಳಂಗಿಲ್ಲ. ಇಂಥಾದ್ದ ಕಟ್ಟಲಿಕ್ಕೆ ಹೋಗಿದ್ದಳು, ಇಂಥಾದ್ದ ಕರೀ ಪರದೆ ಬಂದಿತ್ತು. ಅಕಿ ಪರೀಕ್ಷಾಕ್ಕ ಹ್ವಾದಾಗ ಮನಿಯವರು ಲ್ಯಾಪ್‌ಟಾಪನ್ನ ಒಂದು ಅಂಗಡಿಗೆ ಒಯ್ದು ಕೊಟ್ರು. ಅವರು ಪರದೆ ಮ್ಯಾಲಿನ ಒಂದು ಸಾಲನೂ ಓದಲಿಲ್ಲ, ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹಾಕಿ ಕೊಟ್ರು. ಅಕಿ ಕಟ್ಟಿದ್ದು ಹೋತು, ಬರಕೊಂಡ ಟಿಪ್ಪಣಿ ಹೋತು, ಜೋಡಿಗೆ ಮನಿಯವರದ ಜಾತ್ರಿ ಫೋಟೋನೂ ಹ್ವಾದ್ವು. ಫೋಟೋ ಹ್ವಾದದ್ದಕ್ಕ ಮನಿಯವರು ಬೈದದ್ದು ಹುಡುಗಿಗೆ! ಆಮ್ಯಾಲೆ ಅಕಿ ಆ ಕೆಲಸಾ ಮುಟ್ಟಲೇ ಇಲ್ಲ. ಈಗ ಯಾರರ ಕೇಳಿದ್ರ, ‘ನನಗ ಅದೆಲ್ಲಾ ತಿಳಿಯಂಗಿಲ್ಲ ಮೌಶಿ’ ಅಂತಾಳ. ತಿಳೀತಿತ್ತು ಅಕಿಗೆ. ತಿಳಿಯೋ ಹೊತ್ತಿನ್ಯಾಗ ಕೈಯಾಗಿಂದು ಕಸಗೊಂಡ್ರು ಅಷ್ಟ.

ಇಲ್ಲಿ ಒಂದು ಮಾತು ಖಡಕ್ ಆಗಿ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಹುಡುಗ ಮಷೀನು ಬಿಚ್ಚಿ ಹರಡಿ ಕೂತ್ರ ‘ತಲಿ ಓಡ್ತದ ನಮ್ಮ ಹುಡುಗಂದು’ ಅಂತೀವಿ. ಹುಡುಗಿ ಕೂತ್ರ ‘ಇದ್ದದ್ದು ಹಾಳ್ ಮಾಡ್ತಾಳ’ ಅಂತೀವಿ. ಹುಡುಗಂದು ಕೆಟ್ರ ಎರಡು ದಿನಾ ಕಾಯ್ತೀವಿ, ಹುಡುಗಿದು ಕೆಟ್ರ ಎರಡು ತಾಸಿನಾಗ ಅಂಗಡಿಗೆ ಓಡ್ತೀವಿ. ಅನ್ನೋರು ಗಂಡಸರಷ್ಟ ಅಲ್ಲ, ನಾವೂ ಅಂತೀವಿ. ಮೊದಲ್ನೇ ರೊಟ್ಟಿ ಹರದಾಗ ನಮ್ಮ ಕೈಯಾಗಿನ ಹಿಟ್ಟು ಕಸಗೊಂಡು ‘ನಿನಗ ಆಗಂಗಿಲ್ಲ ನಡಿ’ ಅಂತ ನಮ್ಮವ್ವ ಅಂದಿದ್ರ, ಇವತ್ತು ನಾವು ರೊಟ್ಟಿ ಬಡೀತಿದ್ವೇನು? ನೀರು ಹೆಚ್ಚಾತೋ, ಹಿಟ್ಟು ಹಳೇದೋ, ಜಿಗಟ ಇಲ್ಲೋ ಅಂತ ನೋಡ್ಲಿಕ್ಕೆ ಕಲಿಸಿದಳು. ಹರದ ರೊಟ್ಟಿನ ಕಲಿಸಿದ್ದು ನಮಗ.

‘ತಯಾರ ಸಿಗೋದಿದ್ದಾಗ ಯಾಕ ಕಟ್ಟಬೇಕು’ ಅಂತ ಕೇಳ್ತೀರಿ. ನ್ಯಾಯದ ಪ್ರಶ್ನಿನ. ದಿನದ ಕೆಲಸಕ್ಕ ತಯಾರದ್ದ ಛೊಲೊ, ನಮ್ಮ ಮಗಳೂ ಕಾಲೇಜಿನ ಕೆಲಸಕ್ಕ ಉಬುಂಟುನ ವಾಪರಸ್ತಾಳ. ಕಟ್ಟೋದು ಒಳಗೇನದ ಅಂತ ತಿಳಕೊಳ್ಳಲಿಕ್ಕೆ. ಇನ್ನ ಚಾಲೂ ಆಗದ ಹೊತ್ತಿನ್ಯಾಗ ತಿಳಿಯೋದು, ಸುಮ್ಮನ ಪುಸ್ತಕಾ ನೋಡಿ ಹೊಡದದ್ದಕ್ಕಿಂತ ಹೆಚ್ಚು. ಪುಸ್ತಕದ ಆಜ್ಞೆ ನೋಡಿ ನೋಡಿ ಹೊಡೀಲಿಕ್ಕೆ ಯಾರರ ಹೊಡೀತಾರ. ನಿಂತ ಕೊಡಾ ಯಾರ ಕೈಯಾಗದ ಅಂತ ಹುಡುಕಿದಾಕಿಗೇ ನಾಕೂ ಕೈ ಗೊತ್ತಾಗ್ತಾವ.

ಹಂಗಂತ ಎಲ್ಲಾದಕ್ಕೂ ಅಂಗಡಿ ಬ್ಯಾಡ ಅಂತ ನಾ ಅನ್ನಂಗಿಲ್ಲ. ಗುಂಡಿ ಒತ್ತಿದ್ರ ದೀಪನ ಹತ್ತವಲ್ತು, ಇಲ್ಲಾ ಯುಇಎಫ್‌ಐದ ಸೆಟ್ಟಿಂಗಿನ ಪರದೆಯೊಳಗನ ಡಿಸ್ಕಿನ ಹೆಸರು ಕಾಣವಲ್ತು, ಇಲ್ಲಾ ಹಳೇ ನಮೂನಿ ಡಿಸ್ಕು ಟಕ್ ಟಕ್ ಅಂತ ಸಪ್ಪಳಾ ಮಾಡ್ಲಿಕತ್ತದ ಅಂದ್ರ ಅದು ಸಾಮಾನಿನ ತೊಂದರಿ. ತಿಳದವರ ಹತ್ರ ಒಯ್ಯಬೇಕು. ಆಗೂ ‘ಅಳಿಸಬ್ಯಾಡ್ರಿ, ಕೇಳದ ಏನೂ ಹಾಕಬ್ಯಾಡ್ರಿ’ ಅಂತ ಚೀಟಿ ಬರದು ಮ್ಯಾಲೆ ಅಂಟಿಸಿ ಕೊಡ್ರಿ.

ಮಕ್ಕಳಿಗೂ ಕೆಲವು ಮಾತು ಹೇಳಬೇಕು. ಮನಿಗೆಲ್ಲಾ ಒಂದ ಕಂಪ್ಯೂಟರ್ ಇದ್ರ, ಅದರಾಗ ಅಪ್ಪನ ಅಂಗಡಿ ಲೆಕ್ಕ ಇದ್ರ, ಅದರ ಮ್ಯಾಲೆ ಪ್ರಯೋಗ ಬ್ಯಾಡ. ಮೊದ್ಲ ಫೋಟೋ, ಲೆಕ್ಕ, ಸರ್ಟಿಫಿಕೇಟು ಎಲ್ಲಾ ಬ್ಯಾರೆ ಡಿಸ್ಕಿಗೆ ತಗದಿಡಬೇಕು. ಚಾಲೂ ಆಗೋ ಒಂದು ಪೆನ್ ಡ್ರೈವ್ ಮಾಡಿ ಡಬ್ಬ್ಯಾಗ ಇಟ್ಕೋಬೇಕು, ಮುಂಚೀ ಬಾಗಲಾ ಜಾಮಾದ ದಿವಸ ಅದ ಹಿತ್ತಲ ಬಾಗಲಾ. ಹೊಸಾ ಕರ್ನಲ್ ಹಾಕೋವಾಗ ನಡೀತಿದ್ದ ಹಳೇದನ್ನ ಅಳಿಸಬಾರದು, ಬ್ಯಾರೆ ಹೆಸರಿಟ್ಟು ಎರಡೂ ಗ್ರಬ್ಬಿನ ಪಟ್ಟಿಯೊಳಗ ಇರಬೇಕು. ಹೊಸಾ ಮೊಸರು ಹೆಪ್ಪಾಗೋ ತನಕಾ ಹಳೇ ಮೊಸರಿನ ಹೆಪ್ಪು ಚೆಲ್ಲಬಾರದು ಅಂತ ನಮ್ಮತ್ತಿ ಹೇಳ್ತಿದ್ರು, ಅದ ಮಾತು. ಎಲ್ಲಾದಕ್ಕೂ ದೊಡ್ಡದು, ಒಂದ್ ಸಲಕ್ಕ ಒಂದನ್ನ ಬದಲು ಮಾಡಬೇಕು. ನಾಕು ಒಮ್ಮಿಗೇ ಬದಲು ಮಾಡಿದ್ರ, ಸರೀ ಆದ್ರೂ ಯಾವದರಲೇ ಆತು ಗೊತ್ತಾಗಂಗಿಲ್ಲ, ಕೆಟ್ರೂ ಯಾವದರಲೇ ಕೆಡ್ತು ಗೊತ್ತಾಗಂಗಿಲ್ಲ. ಏನು ಬದಲು ಮಾಡಿದೆ, ಏನು ಬಂತು ಅಂತ ವಹಿಯೊಳಗ ಬರಕೋಬೇಕು.

ಆ ವಹಿ ಹಿಡಿಯೋ ಕೆಲಸ ನಮ್ಮದು ಆಗಬಹುದು, ಅಕ್ಕಂದಿರಾ. ಅದಕ್ಕ ಇಂಜಿನಿಯರಿಂಗ್ ಬೇಕಾಗಿಲ್ಲ. ಪರದೆ ಮ್ಯಾಲಿನ ಅಕ್ಷರ ಇದ್ದಂಗ ಇಳಿಸ್ಕೊಂಡ್ರ ಸಾಕು, ಅರ್ಥ ಅವರು ಮಾಡ್ತಾರ. ‘ನಿನ್ನೆ ಈ ಪಟ್ಟಿ ಇರಲಿಲ್ಲ, ಇವತ್ತು ಬಂದದ ನೋಡು’ ಅಂತ ನಾ ಅಂದಾಗ ಮಗಳು ತಿರುಗಿ ನೋಡಿದ್ದು ನನಗ ಈಗೂ ಕಣ್ಣಿಗೆ ಕಟ್ಟಿದಂಗದ. ಅಡಗಿಮನ್ಯಾಗ ಐವತ್ತು ವರ್ಷದಿಂದ ಯಾವದರಾಗ ಏನು ಹೆಚ್ಚು ಕಡಿಮಿ ಆತು ಅಂತ ಹುಡುಕೋರು ನಾವು. ಆ ಕಣ್ಣು ಕಂಪ್ಯೂಟರಿಗೂ ನಡೀತದ.

ಮುಂದಿನ ಸೂಟ್ಯಾಗ ನಿಮ್ಮ ಮನ್ಯಾಗಿನ ಮಗಳೋ ಸೊಸಿನೋ ಕರೀ ಪರದೆ ಮುಂದ ಮಾರಿ ಸಣ್ಣ ಮಾಡ್ಕೊಂಡು ಕೂತ್ರ, ‘ಕೆಡಿಸಿದಿ’ ಅನ್ನಬ್ಯಾಡ್ರಿ. ‘ಎಲ್ಲಿತನಕಾ ಬಂತು, ಕಡೇಕ ಏನಂತ ಬರದದ’ ಅಂತ ಕೇಳ್ರಿ. ಒಂದು ವಹಿ ಕೊಡ್ರಿ, ಒಂದು ಕಪ್ ಚಹಾ ಕೊಡ್ರಿ, ಮನಿ ಮಂದಿ ಬಾಯಿ ಮೂರು ಸಂಜಿ ಮುಚ್ಚಿಸ್ರಿ. ಉಳದದ್ದು ಅಕಿ ನೋಡ್ಕೋತಾಳ.